ಮಾವ ಬೀಗ ಹಾಕಿಸದ ವರ್ಷ

ಮೊನ್ನೆ ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಗಳ ಹಿಂದಿನ ಬೀದಿಯಲ್ಲಿ ನಡೆಯುತ್ತಿದ್ದಾಗ ಕಾದ ಅರಗಿನ ವಾಸನೆ ಬಂತು. ಯಾವುದೋ ಶೆಡ್ಡಿನೊಳಗೆ ತಿರುಗುತ್ತಿದ್ದ ಮರಕ್ಕೆ ಯಾರೋ ಅರಗಿನ ಕಡ್ಡಿ ಒತ್ತುತ್ತಿದ್ದರು. ಗೆಳತಿಯ ಮಗುವಿಗೆ ಗಿಲಕಿ ಕೊಳ್ಳಲೆಂದು ಹೋದವಳು ಕೊಳ್ಳದೆ ಸೀದಾ ರೈಲ್ವೆ ಸ್ಟೇಷನ್ನಿಗೆ ಬಂದು ಕುಳಿತೆ. ನನ್ನ ಮಾದಮಾವನ ಮೈಯಿಂದ ಬರುತ್ತಿದ್ದುದು ಇದೇ ವಾಸನೆ. ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ.

ಮಾದಮಾವ ನಮ್ಮ ಅವ್ವನ ತಮ್ಮ. ಊರು ಬೈರಾಪಟ್ಟಣ, ಕೆಲಸ ಚನ್ನಪಟ್ಟಣದಲ್ಲಿ ಖಲೀಲ್ ಭಾಯ್ ಅವರ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಶೀಟಿನ ಮಾಡು, ಕೆಲವು ಮೋಟಾರು, ಗೋಡೆಗೆ ಒರಗಿಸಿದ ಹಾಲೆಮರದ ತುಂಡುಗಳು. ನಮ್ಮ ಅಪ್ಪ ಕುರಿ ಕಾಯುತ್ತಿದ್ದವನು. ಅವ್ವ ಈಗಲೂ ಹೆಬ್ಬೆಟ್ಟು ಒತ್ತುತ್ತಾಳೆ. ಎರಡೂ ಕಡೆಯ ವಂಶದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ, ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಪಿಯುಸಿ ಆದ ಮೇಲೆ ಸ್ಕ್ಯಾನಿಂಗ್ ಕಲಿಸುವ ಬಿಎಸ್ಸಿ ಕೋರ್ಸೊಂದಿದೆ ಎಂದು ಎಲ್ಲೋ ಕೇಳಿಕೊಂಡು ಬಂದವನು ಮಾವ. ಕಾಲೇಜಿನ ಆಫೀಸಿನಲ್ಲಿ ಉಗುರ ಸಂದಿಯಲ್ಲಿ ಕೆಂಪು ಅರಗು ಮೆತ್ತಿಕೊಂಡಿದ್ದ ಕೈಯಲ್ಲೇ ಗುಮಾಸ್ತರಿಗೆ ಮುಗಿದು, "ನಮ್ಮುಡ್ಗಿ ಕಣಪ್ಪ, ಒಸಿ ನೋಡ್ಕಳ್ಳಿ" ಎಂದಿದ್ದ. ನನಗೆ ಆಗ ನಾಚಿಕೆಯಾಗಿತ್ತು. ಆ ನಾಚಿಕೆ ಎಂಥದೆಂದು ಮುಂದೆ ತಿಳಿಯಿತು.

ಕೋರ್ಸು ಮುಗಿಸಿ ರಾಮನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿಟಿ ಟೆಕ್ನೀಷಿಯನ್ ಆಗಿ ಸೇರಿ ಒಂದಷ್ಟು ಕಾಲವಾಗಿತ್ತು. ಆ ವರ್ಷ ದಸರಾ ಮುಗಿಯುತ್ತಿದ್ದಂತೆ ಮಾವ ಬಂದ. ಮೂತ್ರದಲ್ಲಿ ರಕ್ತ ಹೋಗುತ್ತಿತ್ತಂತೆ. ಉಷ್ಣ ಎಂದು ಎಳನೀರು, ಬಾರ್ಲಿ ನೀರು ಎಲ್ಲ ಕುಡಿದು ನೋಡಿ, ಕೊನೆಗೆ ಹೆಂಡತಿ ಜಯತ್ತೆಯ ಬೈಗುಳ ತಡೆಯಲಾರದೆ ಚೀಟಿ ಬರೆಸಿಕೊಂಡು ಬಂದಿದ್ದ.

ನಾನೇ ಅವನನ್ನು ಮೇಜಿನ ಮೇಲೆ ಮಲಗಿಸಿದೆ. ಕೈಗೆ ಕಾಂಟ್ರಾಸ್ಟ್ ಮದ್ದು ಹೋಗುತ್ತಿದ್ದಂತೆ ಒಳಗಿನಿಂದ ಕೂಗು ಬಂತು.

"ಮಗಾ, ಉಚ್ಚೆ ಹೊಯ್ಕಂಡಂಗೆ ಬಿಸಿ ಆಯ್ತಾ ಐತೆ ಕಣವ್ವ!"

"ಎಲ್ರಿಗೂ ಹಂಗೇ ಆಯ್ತದೆ ಮಾವ. ಹೊಯ್ಕಂಡಿಲ್ಲ ನೀನು. ಅಲ್ಲಾಡ್ಬೇಡ."

ಪಕ್ಕದಲ್ಲಿದ್ದ ನರ್ಸ್ ನಕ್ಕಳು, ನಾನೂ ನಕ್ಕೆ. ಅಷ್ಟರಲ್ಲಿ ಪರದೆಯ ಮೇಲೆ ಚಿತ್ರ ಮೂಡಿತು.

ಆ ಮದ್ದು ರಕ್ತದ ಜೊತೆ ಹರಿಯುತ್ತದೆ. ರಕ್ತ ಎಲ್ಲಿ ಹೆಚ್ಚೋ ಅಲ್ಲಿ ಬೆಳ್ಳಗೆ ಕಾಣುತ್ತದೆ. ಮಾವನ ಎಡ ಮೂತ್ರಪಿಂಡದ ತುದಿಯಲ್ಲಿ ಮುಷ್ಟಿಯಷ್ಟು ದೊಡ್ಡ ಗಡ್ಡೆಯೊಂದು ಉರಿಯುವ ಇದ್ದಿಲಿನಂತೆ ಬೆಳಗುತ್ತಿತ್ತು. ಅದರ ಸುತ್ತ ಸೊಟ್ಟಪಟ್ಟ ಎಳೆಗಳು. ಆರೋಗ್ಯವಂತ ದೇಹದಲ್ಲಿ ರಕ್ತನಾಳ ಮರದ ಕೊಂಬೆಯ ಹಾಗೆ ಅಚ್ಚುಕಟ್ಟಾಗಿ ಕವಲೊಡೆಯುತ್ತದೆ. ಇವು ಹಾಗಿರಲಿಲ್ಲ. ಗಡ್ಡೆ ತನಗೆ ಬೇಕೆಂದು ಅವಸರದಲ್ಲಿ ಬೆಳೆಸಿಕೊಂಡ ನಾಳಗಳು ಅವು. ಶ್ವಾಸಕೋಶದಲ್ಲೂ ಕಾಳಿನಂಥ ಗಂಟುಗಳಿದ್ದವು. ವರದಿ ಬರೆಯುವುದು ನಮ್ಮ ರೇಡಿಯಾಲಜಿ ಡಾಕ್ಟರ ಕೆಲಸ, ನಾನು ಬಾಯಿ ಬಿಡುವ ಹಾಗಿಲ್ಲ. ಆದರೆ ಆ ಹೊತ್ತಿಗೆ ಅಂಥ ಚಿತ್ರಗಳನ್ನು ಸಾಕಷ್ಟು ನೋಡಿದ್ದೆ. ಮಾವ ಹೊರಗೆ ಬಂದು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ, "ಕಲ್ಲಾ?" ಎಂದು ಕೇಳಿದಾಗ, "ಡಾಕ್ಟ್ರು ನೋಡಿ ಹೇಳ್ತಾರೆ ಮಾವ" ಎಂದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಹೆಂಗಸು, ನಿಧಾನಸ್ಥರು. ಕನ್ನಡ ಬರುತ್ತಿದ್ದರೂ ನನ್ನ ಕೆಲಸ ತಿಳಿದ ಮೇಲೆ ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದರು, ನಾನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಕಾಯಿಲೆ ಹರಡಿದೆ, ಈಗಲೇ ಆಪರೇಷನ್ ಬೇಡ, ಮೊದಲು ಮಾತ್ರೆ ಕೊಟ್ಟು ನೋಡೋಣ ಎಂದರು. ದಿನಕ್ಕೊಂದು ಮಾತ್ರೆ. ಗಡ್ಡೆಗೆ ಹೊಸ ರಕ್ತನಾಳ ಹುಟ್ಟದಂತೆ ಅದು ತಡೆಯುತ್ತದೆ.

ವಾಪಸು ಬರುವ ರೈಲಿನಲ್ಲಿ ಮಾವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಗಡ್ಡೆ ಸಣ್ಣದಿರುವಾಗ ಅಕ್ಕಪಕ್ಕದ ರಕ್ತದಲ್ಲೇ ಬದುಕುತ್ತದೆ, ದೊಡ್ಡದಾಗಬೇಕಾದರೆ ಸಾಲದು. ಆಗ ಪಕ್ಕದ ನಾಳಗಳನ್ನು ಪುಸಲಾಯಿಸಿ ತನ್ನ ಕಡೆ ಕವಲೊಡೆಸಿಕೊಳ್ಳುತ್ತದೆ ಎಂದೆ.

ಮಾವ, "ನಾಲೆಗೆ ಕದ್ದು ಪೈಪ್ ಇಕ್ಕಂಡು ತ್ವಾಟ ಮಾಡ್ತಾರಲ್ಲ, ಹಂಗೆ ಅನ್ನು" ಎಂದ.

"ಹೂಂ, ಹಂಗೇ."

"ಈ ಮಾತ್ರೆ ಪೈಪ್ ಕೀಳ್ತದೆ."

"ಹೊಸ ಪೈಪ್ ಹಾಕಕ್ಕೆ ಬುಡಲ್ಲ."

"ಬುಡು, ನಾಲೆ ಇಂಜಿನಿಯರ್ರಿಗಿಂತ ವಾಸಿ" ಎಂದು ನಕ್ಕ. ಬಿಡದಿ ದಾಟುವಾಗ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. "ಸ್ಕ್ಯಾನ್ ಆದ ದಿನವೇ ಮಾರಮ್ಮನಿಗೆ ಹೇಳ್ಕಂಡಿವ್ನಿ. ಇದು ಒಸಿ ಕುಗ್ಲಿ, ಹಬ್ಬಕ್ಕೆ ಬೀಗ ಹಾಕುಸ್ಕತೀನಿ ಅಂತ."

ಬಾಯಿಬೀಗ ನಮ್ಮ ಕಡೆ ಹೊಸದಲ್ಲ. ಬೇಸಿಗೆಯಲ್ಲಿ ಮಾರಮ್ಮನ ಹಬ್ಬಕ್ಕೆ ಹರಕೆ ಹೊತ್ತವರು ಒಪ್ಪತ್ತಿದ್ದು, ಮಡಿಯುಟ್ಟು, ಈ ಕೆನ್ನೆಯಿಂದ ಆ ಕೆನ್ನೆಗೆ ಲೋಹದ ಸರಳು ಚುಚ್ಚಿಸಿಕೊಂಡು ಗುಡಿ ಸುತ್ತಿ ಬರುತ್ತಾರೆ. ಚುಚ್ಚುವವನು ಅಮ್ಮನ ಪೂಜೆ ಮಾಡುವ ಗುಡ್ಡಪ್ಪ. ತೆಗೆದ ಮೇಲೆ ವಿಭೂತಿ ಒತ್ತುತ್ತಾನೆ, ಅಷ್ಟೇ. ರಕ್ತ ಬರುವುದಿಲ್ಲ ಎನ್ನುತ್ತಾರೆ. ಚಿಕ್ಕಂದಿನಿಂದ ನೋಡಿಕೊಂಡು ಬಂದ ನನ್ನ ತಲೆಯಲ್ಲೂ ಅದು ಗಾಯ ಎಂಬ ಲೆಕ್ಕಕ್ಕೆ ಬಂದಿರಲಿಲ್ಲ. "ಆಗ್ಲಿ ಮಾವ" ಎಂದೆ.

ಮಾತ್ರೆ ಕೆಲಸ ಶುರುಮಾಡಿತು. ಅದರ ಜೊತೆಗೆ ಬೇರೆಯದೂ ಶುರುವಾಯಿತು. ಬಿಪಿ ಏರಿತು. ಅಂಗೈ ಅಂಗಾಲು ಕೆಂಪಾಗಿ ಸುಲಿದವು. ಉಳಿ ಹಿಡಿದರೆ ಮಾವ ಹಲ್ಲು ಕಚ್ಚುತ್ತಿದ್ದ. ತಲೆಗೂದಲು, ಮೀಸೆ, ಹುಬ್ಬು ಕೂಡ ನೋಡನೋಡುತ್ತ ಹತ್ತಿಯಂತೆ ಬೆಳ್ಳಗಾದವು. ಒಂದು ಸಂಜೆ ಅವನಿಗೆ ಮುಲಾಮು ಕೊಡಲು ಕಾರ್ಖಾನೆಗೆ ಹೋಗಿದ್ದೆ. ಖಲೀಲ್ ಭಾಯ್ ಅವನಿಗೆ ಉಳಿ ಮುಟ್ಟಲು ಬಿಡದೆ ಗಿಲಕಿಗಳಿಗೆ ತಾಳೆಗರಿಯ ಪಾಲಿಶ್ ಹೊಡೆಯಲು ಕೂರಿಸಿದ್ದರು.

"ಏನ್ಲಾ ಮಾದ, ನನ್ಗಿಂತ ಚಿಕ್ಕೋನು ನೀನು, ನನ್ಗಿಂತ ಮೊದ್ಲೇ ಅಜ್ಜ ಆಗ್ಬುಟ್ಟಲ್ಲೋ. ಬಾ, ನಮ್ಮನೇಲಿ ಮೆಹಂದಿ ಐತೆ, ನನ್ನ ಗಡ್ಡಕ್ಕೊಂದಿಷ್ಟು, ನಿನ್ನ ತಲೆಗೊಂದಿಷ್ಟು."

"ನಿನ್ನ ಗಡ್ಡ ನೋಡಿದ್ಮೇಲೆ ಯಾವನ್ ಹಚ್ಕತಾನೆ? ಕ್ಯಾರೆಟ್ ಹಲ್ವಾ ಇದ್ದಂಗೈತೆ."

ನಗುತ್ತಿದ್ದರು ಇಬ್ಬರೂ. ಖಲೀಲ್ ಭಾಯ್ ನನ್ನನ್ನು ಬಾಗಿಲವರೆಗೆ ಬಿಟ್ಟುಬರುವ ನೆಪದಲ್ಲಿ, "ಬೇಟಿ, ಉಳೀತಾನಲ್ಲ?" ಎಂದು ಕೇಳಿದರು. ಮುಂದಿನ ಸ್ಕ್ಯಾನ್ ಆಗಲಿ ಎಂದೆ.

ಶಿವರಾತ್ರಿ ಕಳೆದು ಆ ಸ್ಕ್ಯಾನ್ ಆಯಿತು. ಮದ್ದು ಹರಿಯಿತು, ಚಿತ್ರ ಮೂಡಿತು. ಬೆಳಗುತ್ತಿದ್ದ ಜಾಗ ಕಪ್ಪಾಗಿತ್ತು! ಗಡ್ಡೆ ಇತ್ತು, ಆದರೆ ಒಳಗೆ ರಕ್ತವೇ ಇಲ್ಲದೆ ಬೂದಿ ಮುಚ್ಚಿದ ಒಲೆಯ ಹಾಗೆ ಸತ್ತು ಕುಳಿತಿತ್ತು. ಶ್ವಾಸಕೋಶದ ಗಂಟುಗಳು ಹುಡುಕಿದರೂ ಸಿಗುತ್ತಿರಲಿಲ್ಲ. ಡಾಕ್ಟರು ವರದಿ ಬರೆಯುವವರೆಗೂ ಕಾಯಲಾರದೆ ನಾನು ಮಾವನಿಗೆ ಹೇಳಿಬಿಟ್ಟೆ. ಅವನು ಮೇಜಿನ ಮೇಲೆ ಕುಳಿತಲ್ಲೇ ಎರಡೂ ಕೆನ್ನೆ ಸವರಿಕೊಂಡ.

ಬೆಂಗಳೂರಿನ ಡಾಕ್ಟರೂ ಖುಷಿಪಟ್ಟರು. ನಾವು ಏಳುವಾಗ ಇಂಗ್ಲಿಷಿನಲ್ಲೇ ಎಚ್ಚರಿಸಿದರು, ಹಲ್ಲು ಕೀಳಿಸುವುದಿದ್ದರೆ, ಯಾವುದೇ ಕೊಯ್ತ ಇದ್ದರೆ ನಮಗೆ ಮೊದಲೇ ತಿಳಿಸಿ, ಈ ಮಾತ್ರೆಯಲ್ಲಿ ಗಾಯ ಮಾಯುವುದಿಲ್ಲ. ಗಾಯ ಮಾಯಬೇಕಾದರೂ ಹೊಸ ರಕ್ತನಾಳಗಳೇ ಹುಟ್ಟಿ ಬರಬೇಕು. ಮಾತ್ರೆಗೆ ಗಡ್ಡೆ ಯಾವುದು ಗಾಯ ಯಾವುದು ಎಂದು ಗೊತ್ತಾಗುವುದಿಲ್ಲ.

ಸವರಿಕೊಂಡ ಆ ಕೆನ್ನೆಗಳು ಆಗ ನನಗೆ ನೆನಪಾದವು.

ಆ ಕ್ಷಣ ನನ್ನ ಬಾಯಲ್ಲಿ ಪ್ರಶ್ನೆ ಇತ್ತು. ನಮ್ಮ ಮಾವನಿಗೆ ಒಂದು ಹರಕೆಯಿದೆ, ಕೆನ್ನೆಗೆ ಸರಳು ಹಾಕಿಸಿಕೊಳ್ಳಬೇಕು, ಏನು ಮಾಡುವುದು? ಇಷ್ಟೇ. ಆದರೆ ಅಲ್ಲಿ ಇಬ್ಬರು ಕಿರಿಯ ಡಾಕ್ಟರು ನಿಂತಿದ್ದರು, ನನ್ನನ್ನು ಮೇಡಂ ಎಂದು ಮಾತಾಡಿಸಿದ್ದರು. ಬಾಯಿಬೀಗಕ್ಕೆ ಇಂಗ್ಲಿಷಿನಲ್ಲಿ ಏನನ್ನುವುದು, ಹೇಳಿದರೆ ನನ್ನನ್ನು ಹೇಗೆ ನೋಡಿಯಾರು ಎಂದು ಯೋಚಿಸಿದೆ. ಥ್ಯಾಂಕ್ಯೂ ಹೇಳಿ ಎದ್ದು ಬಂದೆ. ಅವರು 'ಮೊದಲೇ ತಿಳಿಸಿ' ಎಂದಿದ್ದರು. ನಾನು ಮನೆಯಲ್ಲಿ 'ಮಾಡಂಗಿಲ್ಲ' ಎಂದೆ.

"ಬೀಗ ಬ್ಯಾಡ ಮಾವ. ಗಾಯ ಮಾಯಲ್ಲ, ಕೀವಾಯ್ತದೆ. ಮೈಯೆಲ್ಲ ನಂಜೇರ್ತದೆ."

"ಅದು ಗಾಯ ಅಲ್ಲ ಕಣವ್ವ. ಅಮ್ಮಂದು."

"ಚರ್ಮ ತೂತಾದ್ಮೇಲೆ ಗಾಯವೇ."

"ನಿನ್ನ ಮಾತ್ರೆ ಅಮ್ಮಂಗಿಂತ ದೊಡ್ಡದಾ?" ಅವನು ಜಗಳಕ್ಕೆ ಬಂದವನಂತೆ ಕೇಳಲಿಲ್ಲ, ತಿಳಿದುಕೊಳ್ಳಲು ಕೇಳಿದ. ಜಯತ್ತೆ ಒಲೆಯ ಮುಂದಿನಿಂದ, "ಓದಿರೋಳು ಹೇಳ್ತಾವ್ಳೆ, ಕೇಳ್ಬಾರ್ದಾ?" ಎಂದಳು. ಮಾವ ಕೇಳಲಿಲ್ಲ. ಹಬ್ಬ ಹತ್ತಿರ ಬಂದಂತೆ ಒಪ್ಪತ್ತು ಶುರುಮಾಡಿದ.

ನಾನು ಗುಡ್ಡಪ್ಪನ ಹಟ್ಟಿಗೆ ಹೋದೆ. ಅವನು ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಮಾವನ ಕಾಯಿಲೆ, ಮಾತ್ರೆ ಎಲ್ಲವನ್ನೂ ಹೇಳಿ, "ನಾಳೆ ಕೆನ್ನೆ ಕೊಳೆತರೆ ನಿನ್ನ ತಲೆಗೇ ಬರೋದು, ಗುಡ್ಡಪ್ಪಣ್ಣ" ಎಂದೆ. ಅವನು ಹೆದರಿದ. ಹುಲ್ಲಿನ ಕಂತೆ ಹಿಡಿದುಕೊಂಡೇ, "ಇಲ್ಲ ಅಂತ ನಾನೆಂಗವ್ವ ಹೇಳ್ಲಿ ಅವನ್ಗೆ?" ಎಂದ. "ಅಮ್ಮನ ಕೇಳ್ತೀನಿ ಬುಡು" ಎಂದು ತಾನೇ ಸಮಾಧಾನ ಮಾಡಿಕೊಂಡ.

ಹಬ್ಬದ ದಿನ ಮಾವ ಹಳದಿ ಪಂಚೆಯುಟ್ಟು, ಮೈಯೆಲ್ಲ ಒದ್ದೆ ಮಾಡಿಕೊಂಡು, ಗುಡಿಯ ಮುಂದೆ ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ಗುಡ್ಡಪ್ಪ ಸರಳು ಎತ್ತಿಕೊಳ್ಳಲಿಲ್ಲ. ಅಮ್ಮನ ತಲೆಯ ಮೇಲೆ ಹೂವಿಟ್ಟು ಅಪ್ಪಣೆ ಕೇಳಿದ. ಹೂವು ಎಡಕ್ಕೆ ಬಿತ್ತು. ಬಿತ್ತೋ ಬೀಳಿಸಿದನೋ ನಾನು ನೋಡಲಿಲ್ಲ, ನೆಲ ನೋಡುತ್ತಿದ್ದೆ. "ಅಮ್ಮ ಒಲ್ಲೆ ಅಂತಾವ್ಳೆ ಮಾದಣ್ಣ. ಪಕ್ಕಕ್ಕೆ ನಿಂತ್ಕೊ" ಎಂದ. ಹಿಂದಿನವನು ಮುಂದೆ ಬಂದ. ಒದ್ದೆ ಪಂಚೆಯಲ್ಲಿ ಬಿಳಿ ಹುಬ್ಬಿನ ನನ್ನ ಮಾವ, ಎಲ್ಲರ ಬೀಗ ಮುಗಿಯುವವರೆಗೂ ಆ ಪಕ್ಕದಲ್ಲೇ ನಿಂತಿದ್ದ.

ನನ್ನ ಕೆಲಸ ಆಗಿತ್ತು. ಅತ್ತೆ ನನ್ನ ಕೈ ಹಿಡಿದು, "ಕಾಪಾಡ್ದೆ ಕಣವ್ವ" ಎಂದಳು. ನನಗೂ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಮಾವ ಅಲ್ಲಿಂದಾಚೆಗೆ ಮಾತು ಕಡಿಮೆ ಮಾಡಿದ. ಮಾತ್ರೆ ತಪ್ಪದೆ ನುಂಗುತ್ತಿದ್ದ, ಕಾರ್ಖಾನೆಗೆ ಹೋಗುತ್ತಿದ್ದ, ಖಲೀಲ್ ಭಾಯ್ ಕೆಣಕಿದರೆ ಸುಮ್ಮನೆ ನಗುತ್ತಿದ್ದ. ಊರಲ್ಲಿ ಯಾರ ಮನೆಯ ಶುಭಕಾರ್ಯವಾದರೂ ಹೊರಗೆ ಚಪ್ಪರದಲ್ಲೇ ಕೂರುತ್ತಿದ್ದ. ಯಾಕೆಂದು ಅತ್ತೆ ಕೇಳಿದ್ದಕ್ಕೆ, "ಅಮ್ಮನೇ ಬ್ಯಾಡ ಅಂದ ಮೈ, ನಾಲ್ಕು ಜನದ ನಡುವೆ ಯಾಕೆ?" ಎಂದನಂತೆ. ಅವಳು ಇದನ್ನು ಫೋನಿನಲ್ಲಿ ಹೇಳಿದಾಗ ನಾನು ಕೆಲಸದಲ್ಲಿದ್ದೆ. ಯಾರದೋ ಹೊಟ್ಟೆಯ ಚಿತ್ರ ಪರದೆಯ ಮೇಲಿತ್ತು. ಅದನ್ನು ಸರಿಯಾಗಿ ನೋಡಲಾಗಲಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ಮಾವನ ದವಡೆ ಹಲ್ಲು ಬಾತುಕೊಂಡಿತು. ಬೆಂಗಳೂರಿಗೆ ಹೋದೆವು. ಡಾಕ್ಟರು ನೋಡಿ, ಕೆಲವು ವಾರ ಮಾತ್ರೆ ನಿಲ್ಲಿಸೋಣ, ಹಲ್ಲು ಕೀಳಿಸಿ, ಗಾಯ ಒಣಗಿದ ಮೇಲೆ ಮತ್ತೆ ಶುರುಮಾಡೋಣ ಎಂದರು. ಅಷ್ಟು ಸಲೀಸಾಗಿ ಹೇಳಿದರು! ಈ ಸಲ ಅವರು ಕನ್ನಡದಲ್ಲೇ ಹೇಳಿದ್ದರು.

ಹಲ್ಲು ಕೀಳಿಸಿ ವಾಪಸಾಗುವ ದಿನ ರೈಲಿನಲ್ಲಿ ಮಾವ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕುಳಿತಿದ್ದ. ಕೆಂಗೇರಿ ದಾಟಿದ ಮೇಲೆ ಹತ್ತಿಯನ್ನು ಪಕ್ಕಕ್ಕೆ ಸರಿಸಿಕೊಂಡ.

"ಹಲ್ಲಿಗೆ ಮಾತ್ರೆ ರಜಾ ಕೊಟ್ರಲ್ಲ."

"ಹೂಂ ಮಾವ."

"ಹಬ್ಬಕ್ಕೂ ಕೊಡ್ತಿದ್ರಾ, ಕೇಳಿದ್ರೆ?"

ನನಗೆ ಉತ್ತರ ಗೊತ್ತಿತ್ತು. "ಕೊಡ್ತಿದ್ರೇನೋ. ನಾನು ಕೇಳ್ಲಿಲ್ಲ."

"ಯಾಕವ್ವ?"

"ನಾಚ್ಕೆ ಆಯ್ತು ಮಾವ."

ಅವನು ತಲೆಯಾಡಿಸಿದ. ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆನೇನೋ. ಗುಡ್ಡಪ್ಪನ ಹಟ್ಟಿಗೆ ಹೋದದ್ದನ್ನೂ, ಅವನನ್ನು ಹೆದರಿಸಿದ್ದನ್ನೂ ಹೇಳಿದೆ. ಮಾವ ನನ್ನ ಮುಖವನ್ನೇ ನೋಡಿದ. ಮೆಲ್ಲಗೆ ಅವನ ಬೆನ್ನು ನೆಟ್ಟಗಾಯಿತು.

"ಅಂದ್ರೆ, ಅಮ್ಮ ಒಲ್ಲೆ ಅಂದಿಲ್ಲ?"

"ಇಲ್ಲ ಮಾವ. ನಾನೇ ಅಂದಿದ್ದು."

ಮಾವ ನಕ್ಕುಬಿಟ್ಟ. ಬಾಯಲ್ಲಿ ರಕ್ತದ ಹತ್ತಿ ಇಟ್ಟುಕೊಂಡು, ಸೀಟಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕ. "ಥೂ ನಿನ್ನ! ಇಷ್ಟು ದಿನ ನಾನೇನ್ ತಪ್ಪು ಮಾಡಿದ್ನೋ ಅಂತ ಒಳಗೊಳಗೇ ಸಾಯ್ತಿದ್ನಲ್ಲೇ! ಮೊದ್ಲೇ ಹೇಳ್ಬಾರ್ದಾ?" ಅವನ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಕೋಪ ಇರಲಿಲ್ಲ. ಕೋಪವಿಲ್ಲದ ಆ ಮುಖವನ್ನು ನನಗೆ ನೋಡಲಾಗಲಿಲ್ಲ.

"ಬರೋ ಹಬ್ಬಕ್ಕೆ ನೀನೇ ಕೇಳ್ಬೇಕು ಆ ಡಾಕ್ಟ್ರಮ್ಮನ್ನ. ನನ್ನ ಮುಂದೇನೇ. ಬಾಯಿಬೀಗ ಅಂತ್ಲೇ ಹೇಳ್ಬೇಕು" ಎಂದ. ಆಣೆ ಮಾಡಿಸಿಕೊಂಡ ಕೂಡ.

ಆ ಸಾರಿ ನವರಾತ್ರಿಯಲ್ಲಿ ಅವನು ಎಲ್ಲರ ಮನೆಗೂ ಹೋದನಂತೆ.

ಸಂಕ್ರಾಂತಿ ಆದ ಮೇಲೆ ಮತ್ತೆ ಸ್ಕ್ಯಾನ್. "ಉಚ್ಚೆ ಹೊಯ್ಕತಾ ಇವ್ನಿ ಕಣವ್ವ" ಎಂದು ಮಾವ ಒಳಗಿನಿಂದ ತಮಾಷೆ ಮಾಡಿದ. ಪರದೆಯ ಮೇಲೆ ಕಪ್ಪಗಿದ್ದ ಗಡ್ಡೆಯ ಅಂಚಿನಲ್ಲಿ ಬಿಳಿ ಉಂಗುರವೊಂದು ಕಂಡಿತು. ಒಂದು ದಾರಿ ಮುಚ್ಚಿದರೆ ಗಡ್ಡೆ ಇನ್ನೊಂದು ದಾರಿ ಹುಡುಕುತ್ತದೆ, ಮಾತ್ರೆ ತಡೆಯಲಾರದ ಬೇರೆ ಕರೆ ಕಳಿಸಿ ನಾಳಗಳನ್ನು ಮತ್ತೆ ಎಳೆದುಕೊಳ್ಳುತ್ತದೆ ಎಂದು ಓದಿದ್ದೆ. ಓದಿದ್ದನ್ನು ಈಗ ನೋಡಿದೆ. ಶ್ವಾಸಕೋಶದಲ್ಲಿ, ಬೆನ್ನುಮೂಳೆಯಲ್ಲಿ ಹೊಸ ಚುಕ್ಕೆಗಳು.

ಬೆಂಗಳೂರಿನ ಡಾಕ್ಟರು ಚಿತ್ರಗಳನ್ನು ತುಂಬ ಹೊತ್ತು ನೋಡಿದರು. ಈ ಮಾತ್ರೆ ಇನ್ನು ಕೆಲಸ ಮಾಡುವುದಿಲ್ಲ, ನಿಲ್ಲಿಸೋಣ ಎಂದರು. ಬೇರೆಯದಿದೆ, ಆದರೆ ಇಷ್ಟು ದಿನದ ಬಿಪಿಗೆ ಇವರ ಹೃದಯ ಈಗಲೇ ಸೋತಿದೆ, ಅದನ್ನು ತಾಳುವುದಿಲ್ಲ. ಇನ್ನು ನೋವಿಗಷ್ಟೇ ಮದ್ದು ಕೊಡೋಣ.

ಮಾವ ನನ್ನ ಮೊಣಕೈ ತಿವಿದ.

"ಡಾಕ್ಟ್ರೇ," ನಾನು ಕನ್ನಡದಲ್ಲೇ ಕೇಳಿದೆ, "ಇವರದೊಂದು ಹರಕೆ ಇದೆ. ಬಾಯಿಬೀಗ. ಕೆನ್ನೆಗೆ ಸರಳು ಚುಚ್ಚಿಸಿಕೊಳ್ಳೋದು. ಹಾಕಿಸಬಹುದಾ?" ಕಿರಿಯ ಡಾಕ್ಟರು ಯಾರೂ ನಗಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು, ಸರಳು ಎಷ್ಟು ದಪ್ಪ, ಯಾವಾಗ, ಹೇಗೆ ಎಂದೆಲ್ಲ ವಿಚಾರಿಸಿಕೊಂಡರು. ಕುದಿಸಿದ ಸರಳು ಬಳಸಲಿ, ಹಬ್ಬದ ಹೊತ್ತಿಗೆ ಮಾತ್ರೆ ಮೈಯಿಂದ ಪೂರ್ತಿ ಹೋಗಿರುತ್ತೆ, ಇನ್ನು ಅಡ್ಡಿಯೇನಿಲ್ಲ ಎಂದರು.

"ಕೇಳಿದ್ಯಾ? ಅಡ್ಡಿ ಇಲ್ವಂತೆ" ಎಂದ ಮಾವ, ಗೆದ್ದವನಂತೆ.

ಅಡ್ಡಿ ಯಾಕಿಲ್ಲ ಎಂಬುದು ಆ ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವನಿಗೆ ಎಷ್ಟು ಗೊತ್ತಿತ್ತು ಎಂದು ನಾನು ಇವತ್ತಿಗೂ ಹೇಳಲಾರೆ.

ಹಬ್ಬದಲ್ಲಿ ಅವನನ್ನು ಖಲೀಲ್ ಭಾಯ್ ತಮ್ಮ ಆಟೋದಲ್ಲಿ ಗುಡಿಯವರೆಗೆ ತಂದುಬಿಟ್ಟರು. ಸರಳನ್ನು ನಾನೇ ಮನೆಯಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಗುಡ್ಡಪ್ಪನ ಕೈಗೆ ಕೊಟ್ಟೆ. ಅವನು ನನ್ನ ಮುಖ ನೋಡಲಿಲ್ಲ, ಹೂವನ್ನೂ ಇಡಲಿಲ್ಲ. ಚುಚ್ಚಿದ. ಕೆನ್ನೆಯಲ್ಲಿ ಮಾಂಸವೇ ಉಳಿದಿರಲಿಲ್ಲ, ಸರಳು ಸಲೀಸಾಗಿ ಹೋಯಿತು. ಅತ್ತೆ ಒಂದು ಕಡೆ, ನಾನೊಂದು ಕಡೆ ಹಿಡಿದುಕೊಂಡೆವು. ಗುಡಿ ಸುತ್ತಿ ಬರುವಷ್ಟರಲ್ಲಿ ಅವನ ಭಾರವೆಲ್ಲ ನಮ್ಮ ಮೇಲಿತ್ತು, ಅದು ಹೆಚ್ಚೇನೂ ಇರಲಿಲ್ಲ.

ಮುಂದಿನ ವಾರ ನೋಡಲು ಹೋದೆ. ಮಾವ ಜಗಲಿಯಲ್ಲಿ ದಿಂಬಿಗೆ ಒರಗಿದ್ದ. ಉಸಿರಾಟ ದೂರಕ್ಕೇ ಕೇಳುತ್ತಿತ್ತು. ನನ್ನನ್ನು ಕಂಡದ್ದೇ ಕೆನ್ನೆ ತಿರುಗಿಸಿದ.

"ನೋಡು ಬಾ. ಮುಟ್ಟಿ ನೋಡು. ಗಾಯ ಮಾಯಲ್ಲ ಅಂದಿದ್ಯಲ್ಲ?"

ಮುಟ್ಟಿದೆ. ಸರಳು ಹೊಕ್ಕ ಜಾಗದಲ್ಲಿ ರಾಗಿಕಾಳಿನಷ್ಟು ಗುರುತು. ಅದರ ಮೇಲೆ ತೆಳ್ಳಗೆ, ಕೆಂಪಗೆ ಹೊಸ ಚರ್ಮ ಬಂದಿತ್ತು. ಬೆರಳಿಗೆ ಬೆಚ್ಚಗಿತ್ತು. ಹೊಸ ನಾಳಗಳು ಬಂದಿವೆ, ಅವನ್ನು ತಡೆಯುವಂಥದ್ದು ಈ ಮೈಯಲ್ಲಿ ಈಗ ಏನೂ ಇಲ್ಲ. ಇಲ್ಲಿ ತಡೆಯಿಲ್ಲವೆಂದರೆ ಪಕ್ಕೆಯ ಕೆಳಗಿನ ಗಡ್ಡೆಗೂ ಇಲ್ಲ, ಬೆನ್ನಿನ ಚುಕ್ಕೆಗಳಿಗೂ ಇಲ್ಲ.

"ಚೆನ್ನಾಗಿ ವಾಸಿಯಾಗೈತೆ ಮಾವ" ಎಂದೆ.

"ಅದೇ ಮತ್ತೆ!" ಎಂದು ಅವನು ಕಣ್ಣು ಮುಚ್ಚಿಕೊಂಡ. ನಾನು ಹೇಳಿದ್ದು ನಿಜವೇ ಆಗಿತ್ತು. ಬೆರಳನ್ನು ಮಾತ್ರ ತುಂಬ ಹೊತ್ತಿನವರೆಗೆ ಅಲ್ಲಿಂದ ತೆಗೆಯಲಾಗಲಿಲ್ಲ.